ಕಡೇ ಮನೆಗೆ ಮೊದಲ ನೀರು

ನಲ್ಲಿಯಲ್ಲಿ ನೀರು ಬರುವುದಕ್ಕೆ ಮುಂಚೆ ಗಾಳಿ ಬರುತ್ತದೆ. ಮೊದಲು ಒಂದು ನಿಟ್ಟುಸಿರು, ಆಮೇಲೆ ಕೆಮ್ಮು, ಆಮೇಲೆ ಒಂದಿಷ್ಟು ಕೆಂಪು ನೀರಿನ ಉಗುಳು, ಆಮೇಲೆ ಧಾರೆ. ಗ್ರಾಮೀಣ ನೀರು ಸರಬರಾಜಿನ ಜೂನಿಯರ್ ಇಂಜಿನಿಯರ್ ಆಗಿ ಈ ಕ್ರಮವನ್ನು ನಾನು ಕೇಳಿರುವಷ್ಟು ಸುಪ್ರಭಾತವನ್ನೂ ಕೇಳಿಲ್ಲ. ನಿವೃತ್ತನಾಗಿ ಹಳೇಬೀಡಿನ ಮನೆಯಲ್ಲಿರುವ ಈಗಲೂ ಬೆಳಿಗ್ಗೆ ನಲ್ಲಿ ಕೆಮ್ಮಿದರೆ ಎದ್ದು ನಿಲ್ಲುತ್ತೇನೆ. "ಕೂತ್ಕೊಳ್ಳಿ, ನಿಮ್ಮನ್ನ ಯಾರೂ ಕರೀಲಿಲ್ಲ" ಎನ್ನುತ್ತಾಳೆ ಮನೆಯವಳು. ಕೂರುತ್ತೇನೆ. ಕೂತ ಮೇಲೆ ನೆನಪಾಗುವುದು ಕಣಕಟ್ಟೆ ಹೋಬಳಿಯ ಒಂದು ಊರು, ನೌಕರಿಯ ಕೊನೆಯ ಆರೇಳು ತಿಂಗಳು.

ಊರಿನ ಹೆಸರು ಬೇಡ. ಆ ಊರಿನವರು ಸ್ವಾಭಿಮಾನಿಗಳು, ನಾನೂ ಸ್ವಲ್ಪ ಮಟ್ಟಿಗೆ. ಅರಸೀಕೆರೆಯ ಬಾಡಿಗೆ ಕೋಣೆಯಿಂದ ನಸುಕಿಗೇ ಸ್ಕೂಟರ್ ಹತ್ತಿದರೆ ನೀರು ಬಿಡುವ ಹೊತ್ತಿಗೆ ಅಲ್ಲಿರುತ್ತಿದ್ದೆ. ದಾರಿಯುದ್ದ ತೆಂಗಿನ ತೋಟ, ನಡುನಡುವೆ ರಾಗಿ ಹೊಲ, ಕಿವಿಗೆ ಸುತ್ತಿದ ಮಫ್ಲರಿನೊಳಗೆ ಚಳಿ. ಆ ಚಳಿಯನ್ನು ಈಗ ದುಡ್ಡು ಕೊಟ್ಟರೂ ಯಾರೂ ಕೊಡಲಾರರು.

ಊರು ಎರಡು ಪಾಲು. ತಗ್ಗಿನಲ್ಲಿ ಕೆಳಬೀದಿ: ಕೊಬ್ಬರಿ ವ್ಯಾಪಾರದವರು, ತೋಟದವರು, ಅಂಗಡಿಯವರು. ಆಚೆ ಕಡೆ ಸಣ್ಣ ದಿಣ್ಣೆ, ಅದರ ಮೇಲೆ ಮೂವತ್ತು ಚಿಲ್ಲರೆ ಮನೆಗಳ ಕೇರಿ ಮತ್ತು ಒಂದು ಶಾಲೆ. ಈಚೆ ಕಡೆಯ ಎತ್ತರದಲ್ಲಿ ನಾನು ನಿಂತು ಕಟ್ಟಿಸಿದ ಓವರ್‌ಹೆಡ್ ಟ್ಯಾಂಕು. ಅದರಿಂದ ಹೊರಟ ಕೊಳವೆ ಕೆಳಬೀದಿಯಲ್ಲಿ ಹಾದು, ಮತ್ತೆ ದಿಣ್ಣೆ ಹತ್ತಿ, ಕಡೇ ಮನೆಯ ಮುಂದೆ ಮುಗಿಯುತ್ತಿತ್ತು. ದಿನ ಬಿಟ್ಟು ದಿನ ಬೆಳಿಗ್ಗೆ ಒಂದೂವರೆ ಗಂಟೆ ನೀರು. ಮನೆಮನೆಗೂ ನಲ್ಲಿ ಎಂಬುದು ಯೋಜನೆ. ನಲ್ಲಿ ಮನೆಮನೆಗೂ ಇತ್ತು. ನೀರಿನ ವಿಷಯಕ್ಕೆ ಬರುತ್ತೇನೆ.

ಕಡೇ ಮನೆಯಲ್ಲಿದ್ದವರು ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಬೇಯಿಸುವ ಹೆಂಗಸು. ಊರಿನ ನೀರು ಸಮಿತಿಯ ಸದಸ್ಯೆ ಕೂಡ. ಸಮಿತಿಗೆ ಒಬ್ಬರು ಹೆಂಗಸು ಬೇಕೇಬೇಕೆಂಬ ನಿಯಮವಿದ್ದುದರಿಂದ, ಮಾತಾಡಲಾರರು ಎಂದು ಭಾವಿಸಿ ಇವರನ್ನು ಹಾಕಿಕೊಂಡಿದ್ದರು. ಮನುಷ್ಯರು ಎಷ್ಟು ತಪ್ಪಾಗಿ ಭಾವಿಸಬಲ್ಲರು ಎಂಬುದಕ್ಕೆ ಅದೊಂದು ಉದಾಹರಣೆ. ನಲ್ಲಿ ಹಾಕಿಸಿದ ಮೇಲೆ ಮೊದಲ ಸಲ ಹೋದಾಗ ಆಕೆ ತಮ್ಮ ಮನೆಯ ಹೊಸ ನಲ್ಲಿಯ ಕಂಬದ ಮುಂದೆ ನನ್ನನ್ನು ನಿಲ್ಲಿಸಿದರು. ಕಂಬಕ್ಕೆ ಒಂದು ಕುರಿಮರಿಯನ್ನು ಕಟ್ಟಿತ್ತು.

"ಮರಿ ಕಟ್ಟಕ್ಕೆ ಒಂದು ಗೂಟ ಬೇಕಿತ್ತು ಸಾ. ಸರ್ಕಾರದೋರೇ ಮನೆ ಬಾಗ್ಲಿಗೆ ಬಂದು ನೆಟ್ಟುಕೊಟ್ರಿ. ನಿಮ್ ಮಕ್ಳು ಚೆನ್ನಾಗಿರ್ಲಿ."

"ನೀರು ಬಂದೇ ಇಲ್ವೇನಮ್ಮ? ಕಡತದಲ್ಲಿ ಇದೇ ನಲ್ಲಿಯಿಂದ ಸುರೀತಿರೋ ಫೋಟೋ ಇದೆಯಲ್ಲ."

"ಬಂದಿತ್ತು, ಒಂದ್ ದಿನ. ಅವತ್ತು ಕೆಳಬೀದಿಯೋರೆಲ್ಲ ತಿಪಟೂರಿಗೆ ಮದುವೆಗೆ ಹೋಗಿದ್ರು. ವಾರಕ್ಕೊಂದು ಮದುವೆ ಮಾಡಿಸ್ರಿ ಸಾ, ನಾವೂ ಬದುಕ್ಕತೀವಿ."

ವಿಷಯ ನಗುವಂಥದ್ದಾಗಿರಲಿಲ್ಲ. ದಿಣ್ಣೆಯ ಬುಡದಲ್ಲಿ ಒಂದು ಹಳೆಯ ಸಿಸ್ಟನ್ ಇತ್ತು. ಸಿಮೆಂಟಿನ ಸಣ್ಣ ಟ್ಯಾಂಕು, ಸುತ್ತ ನಾಲ್ಕು ನಲ್ಲಿ, ಅದಕ್ಕೊಂದು ಮುದಿ ಬೋರ್‌ವೆಲ್. ಕೇರಿಯವರು ಅಲ್ಲಿಂದಲೇ ಕೊಡ ಹೊತ್ತು ದಿಣ್ಣೆ ಹತ್ತುತ್ತಿದ್ದರು. ಆಕೆ ಮನೆಗೂ ಹೊರುತ್ತಿದ್ದರು, ಶಾಲೆಯ ಅಡುಗೆಗೂ ಹೊರುತ್ತಿದ್ದರು. ಮನೆಮನೆಗೂ ನೀರು ಮುಟ್ಟಿದೆ ಎಂಬ ಪತ್ರಕ್ಕೆ ನನ್ನ ಮತ್ತು ಸಮಿತಿಯವರ ಸಹಿ ಬಿದ್ದರೆ, ಇನ್ನು ಅನಗತ್ಯವೆಂದು ಆ ಬೋರ್‌ವೆಲ್ಲಿನ ಕರೆಂಟು ತೆಗೆಯುತ್ತಿದ್ದರು. ಅಂದರೆ ನನ್ನ ಒಂದು ಸಹಿಯಿಂದ ದಿಣ್ಣೆಯ ಮನೆಗಳಿಗೆ ಇದ್ದ ನೀರೂ ಹೋಗಿ, ಬೇಸಿಗೆಯ ಹೊತ್ತಿಗೆ ಕುರಿ ಕಟ್ಟುವ ಗೂಟಗಳಷ್ಟೇ ಉಳಿಯುತ್ತಿದ್ದವು.

ಮೊದಲು ಕೆಳಬೀದಿಯನ್ನು ತಪಾಸಣೆ ಮಾಡಿದೆ. ಅರ್ಧಕ್ಕರ್ಧ ಮನೆಯವರು ನಲ್ಲಿಯ ಕಂಬ ಕೊಯ್ದು, ಅಂಗಳದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ನಲ್ಲಿಯನ್ನು ಅದರೊಳಗೆ ಇಳಿಸಿದ್ದರು. ತಗ್ಗಿದಷ್ಟೂ ನೀರು ಜೋರು. ನಮ್ಮ ಹಿರಿಯರು ತಗ್ಗಿ ಬಗ್ಗಿ ನಡೆಯಬೇಕೆಂದು ಹೇಳಿದ್ದನ್ನು ಆ ಬೀದಿಯವರು ಕೊಳಾಯಿಗೆ ಅನ್ವಯಿಸಿದ್ದರು. ಗುಂಡಿಗಳನ್ನು ಮುಚ್ಚಿಸಿದೆ. ಎರಡು ದಿನ ನನ್ನನ್ನು ಬೈದರು, ಮೂರನೆಯ ದಿನ ಕಾಫಿ ಕೊಟ್ಟರು. ದಿಣ್ಣೆಗೆ ಮಾತ್ರ ನೀರು ಹತ್ತಲಿಲ್ಲ.

ಹಾಗಾದರೆ ಮಟ್ಟದಲ್ಲೇ ಏನೋ ಇದೆ ಎಂದು ಲೆವೆಲ್ ಯಂತ್ರ ತರಿಸಿದೆ. ಎಲ್ಲಿಂದ ಅಳೆಯಲು ಶುರು ಮಾಡುತ್ತೇವೋ ಆ ಸ್ಥಿರವಾದ ಜಾಗಕ್ಕೆ ಒಂದು ಗುರುತು ಹಾಕುವುದು ನಮ್ಮ ಪದ್ಧತಿ. ಇಲ್ಲಿ ಆ ಗುರುತನ್ನು ಅರಳೀಕಟ್ಟೆಯ ಚಪ್ಪಡಿಯ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಹಾಕಿದ್ದೆ. ಅಲ್ಲಿಂದ ಹೊರಟು, ದಿಣ್ಣೆ ಹತ್ತಿ, ಕಡೇ ಮನೆ ಮುಟ್ಟಿ, ಮತ್ತೆ ಕಟ್ಟೆಗೇ ಮರಳಿ ಲೆಕ್ಕ ಮುಗಿಸಿದೆ. ಹೊರಟಲ್ಲಿಗೇ ವಾಪಸು ಬಂದಾಗ ಅಂಕಿ ಸರಿಹೋದರೆ ಅಳತೆ ಶುದ್ಧ ಎಂದು ಶಾಸ್ತ್ರ. ಅಂಕಿ ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ. ನಕ್ಷೆಯಲ್ಲಿದ್ದ ದಿಣ್ಣೆಯ ಮಟ್ಟವೂ ಅದೇ. ನೀರು ಹತ್ತಲೇಬೇಕು ಎಂದು ಪುಸ್ತಕ ಹೇಳುತ್ತಿತ್ತು. ನೀರು ಪುಸ್ತಕ ಓದಿರಲಿಲ್ಲ.

ಅಳತೆ ಪಟ್ಟಿ ಹಿಡಿದು ನನ್ನೊಂದಿಗೆ ನಡೆದವನು ಊರಿನ ನೀರಗಂಟಿ. ಅವನಪ್ಪ, ಅವನಜ್ಜ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದವರು. ಇವನೂ ವಯಸ್ಸಿನಲ್ಲಿ ಅದನ್ನೇ ಮಾಡಿದವನು. ಕೆರೆ ಒಣಗಿದ ಮೇಲೆ ಪಂಚಾಯ್ತಿಯವರು ವಾಲ್ವ್ ತಿರುಗಿಸುವ ಕೆಲಸ ಕೊಟ್ಟಿದ್ದರು. ಹೆಸರು ಅದೇ ಉಳಿದಿತ್ತು, ನೀರಗಂಟಿ. ಸುಸ್ತಾಗಿ ಕಟ್ಟೆಯ ಮೇಲೆ ಕೂತವನು ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದ.

"ಸಾ, ಒಂದ್ ಅನುಮಾನ. ಮೊದ್ಲು ಈ ಕಟ್ಟೆ ಮೇಲೆ ಕೂತ್ರೆ ನನ್ ಕಾಲು ನೆಲಕ್ಕೆ ತಾಗ್ತಿತ್ತು. ಈಗ ತೂಗಾಡ್ತಾವೆ. ವಯಸ್ಸಾಗಿ ನಾನು ಕುಗ್ಗಿದೀನಾ, ಇಲ್ಲ ಕಟ್ಟೆ ಬೆಳೆದೈತಾ?"

ನಾನು ಕಟ್ಟೆಯನ್ನು ನೋಡಿದೆ. ಮೊದಲ ಸಲ ನೋಡುವವನ ಹಾಗೆ ನೋಡಿದೆ. ಸುತ್ತಲೂ ಹೊಸ ಸಿಮೆಂಟು. ಪಂಚಾಯ್ತಿ ಅಧ್ಯಕ್ಷರನ್ನು ಕರೆಸಿದೆ. ಅವರು ಕೊಬ್ಬರಿ ವ್ಯಾಪಾರಿ, ದೈವಭಕ್ತರು, ಮಠಕ್ಕೆ ನಡೆದುಕೊಳ್ಳುವವರು.

"ಕಟ್ಟೆ ಎತ್ತರಿಸಿದ್ರಾ?"

"ಹೂಂ ಸಾರ್, ಮೂರಡಿ. ನಾಗರಕಲ್ಲಿಗೆ ನಾಯಿ ಹತ್ತಬಾರ್ದು ಅಂತ. ಆದ್ರೆ ನಿಮ್ ಗುರುತಿಗೆ ಏನೂ ಆಗಿಲ್ಲ, ಹೆದರ್ಕೋಬೇಡಿ. ಸರ್ಕಾರದ್ದು ಅಂತ ಆ ಚಪ್ಪಡಿನ ಒಡೀದಂಗೆ ಎತ್ತಿಟ್ಟು, ಹೊಸ ಕಟ್ಟೆ ಮೇಲೆ ಅದೇ ಜಾಗಕ್ಕೆ ಕೂರ್ಸಿದೀವಿ. ಬಣ್ಣ ಮಾಸಿತ್ತು, ಹೊಸ್ದಾಗಿ ಬಳಿಸಿದೀವಿ. ಶುಕ್ರವಾರ ಕುಂಕುಮಾನೂ ಇಡ್ತಾರೆ."

ಅಳತೆಯ ಶಾಸ್ತ್ರದಲ್ಲಿ ಸ್ಥಿರಬಿಂದುವಿಗೆ ಇಷ್ಟು ಗೌರವ ಎಲ್ಲೂ ಸಿಕ್ಕಿರಲಾರದು. ಮೇಲಕ್ಕೆ ಎತ್ತಿ ಪೂಜಿಸಿದ್ದರು. ನಡೆದದ್ದು ಇಷ್ಟು. ಟ್ಯಾಂಕಿನ ಜಾಗ, ಕೆಳಬೀದಿ ಎಲ್ಲ ಅಳೆದದ್ದು ಕಟ್ಟೆ ಹಳೆಯದಿದ್ದಾಗ. ದಿಣ್ಣೆ ಕೇರಿ ಮೊದಲ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅಂಥ ಕೇರಿಗಳು ಸಾಮಾನ್ಯವಾಗಿ ಮೊದಲ ಪಟ್ಟಿಯಲ್ಲೇ ಬಿಟ್ಟುಹೋಗುತ್ತವೆ, ಪೂರಕ ಪಟ್ಟಿಯಲ್ಲಿ ಸೇರುತ್ತವೆ. ಅಷ್ಟರಲ್ಲಿ ಗುರುತು ಮೂರಡಿ ಮೇಲೇರಿತ್ತು. ಹಾಗಾಗಿ ದಿಣ್ಣೆ ನನ್ನ ಪುಸ್ತಕದಲ್ಲಿ ಇರುವುದಕ್ಕಿಂತ ಮೂರಡಿ ತಗ್ಗಾಯಿತು. ಕೆಳಬೀದಿಯ ನಲ್ಲಿಗಳು ಮುಚ್ಚಿದ್ದರೆ ನೀರು ಹೇಗೋ ಹತ್ತುತ್ತಿತ್ತು, ತೆರೆದಿದ್ದರೆ ಇಲ್ಲ. ಬೇರೊಂದು ಜಾಗಕ್ಕೆ ತಾಳೆ ನೋಡಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳುವ ತಪ್ಪು. ನಾನು ತಪ್ಪಿನಿಂದ ಹೊರಟು ಅದೇ ತಪ್ಪಿಗೆ ಮರಳಿ, ಲೆಕ್ಕ ಸರಿಯಾಯಿತೆಂದು ಬೀಗಿದ್ದೆ. ಕಟ್ಟೆ ಎತ್ತಿದ್ದು ಊರಿನವರು, ತಾಳೆ ನೋಡದಿದ್ದವನು ನಾನು.

ಮೇಲಧಿಕಾರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

"ಬೂಸ್ಟರ್ ಪಂಪಿಗೆ ಪ್ರಸ್ತಾವ ಕಳ್ಸೋಣ ಸರ್. ಬರೋದು ಯಾವಾಗಲೋ. ಆದ್ರೆ ಈ ಕಟ್ಟೆ ಕತೆ ಕಾಗದದ ಮೇಲೆ ಹಾಕ್ಬೇಡಿ. ವಿವರಣೆ ಬರೀತಾ ಬರೀತಾನೇ ನಿವೃತ್ತಿ ಆಗಿಬಿಡ್ತೀರಿ. ನೀರು ಹತ್ತಿದ ಫೋಟೋ ಇದೆಯಲ್ಲ, ಸಹಿ ಹಾಕಿ."

ಆ ಫೋಟೋ ಸುಳ್ಳಲ್ಲ, ಮದುವೆಯೂ ಸುಳ್ಳಲ್ಲ. ಮೂರು ದಿನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ.

ಮೂರನೆಯ ದಿನ ಸಂಜೆ ನೀರಗಂಟಿ ನನ್ನನ್ನು ಕೆರೆ ಏರಿಗೆ ಕರೆದುಕೊಂಡು ಹೋದ. ಕೆರೆಯೊಳಗೆ ಜಾಲಿ ಬೆಳೆದಿತ್ತು, ತೂಬಿನ ಕಲ್ಲುಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ನಾನು ಕೆರೆಯ ಊರಿನವನು. ಹಳೇಬೀಡಿನ ಕೆರೆಯ ದಡದಲ್ಲಿ ಬೆಳೆದವನಿಗೆ ನೀರಿಲ್ಲದ ಏರಿಯ ಮೇಲೆ ನಿಲ್ಲುವುದು ದೇವರಿಲ್ಲದ ಗುಡಿಯಲ್ಲಿ ನಿಂತ ಹಾಗೆ. ಅವನು ಬೀಡಿ ಹಚ್ಚಿ, ಕಣ್ಣಿಗೆ ಕಾಣದ ಗದ್ದೆಗಳ ಕಡೆ ಕೈ ತೋರಿಸಿದ.

"ತೂಬಿನ ಹತ್ರ ಇರೋದು ತಲೆಗದ್ದೆ, ಆ ಕೊನೇಲಿದ್ದದ್ದು ಕಡೇ ಗದ್ದೆ. ಮೊದಲ್ನೇ ನೀರು ಯಾವುದಕ್ಕೆ ಬುಡ್ತಿದ್ವಿ ಯೋಳಿ ನೋಡವಾ?"

"ತಲೆಗದ್ದೆಗೆ."

"ಅದಕ್ಕೇ ಕಣ್ ಸಾ ನೀವು ಇಂಜಿನಿಯರು. ಕಡೇ ಗದ್ದೆಗೆ ಮೊದ್ಲು. ಅಲ್ಲಿಂದ ಹಿಂದಕ್ಕೆ ಬತ್ತಾ ಬತ್ತಾ ತಲೆಗದ್ದೆ ಕಡೇಲಿ. ನಮ್ಮಪ್ಪ ಯೋಳ್ತಿದ್ದ: ತಲೇಲಿರೋನಿಗೆ ನೀರು ಮನೆ ಮುಂದೇ ಹೋಗ್ತದೆ, ಕೊಡ್ದಿದ್ರೆ ಕದೀತಾನೆ. ಕಡೆಯೋನಿಗೆ ಕದಿಯಕ್ಕೂ ಸಿಗಕ್ಕಿಲ್ಲ. ಅದಕ್ಕೆ ಅವನಿಗೆ ಮೊದ್ಲು ಕೊಟ್ಟುಬುಡಬೇಕು."

ಜಲಶಾಸ್ತ್ರದ ಪರೀಕ್ಷೆಯಲ್ಲಿ ನಾನು ಬರೆದ ಯಾವ ಉತ್ತರಕ್ಕಿಂತಲೂ ಇದು ಚಿಕ್ಕದು. ಕೆಳಬೀದಿಯನ್ನು ಪೂರ್ತಿ ಮುಚ್ಚಿ ಮೊದಲ ಅರ್ಧ ಗಂಟೆ ದಿಣ್ಣೆಗೆ ಮಾತ್ರ ಬಿಟ್ಟರೆ, ದಿನ ಬಿಟ್ಟು ದಿನ ತಿಪಟೂರಿನ ಮದುವೆ ನಡೆದ ಹಾಗೆಯೇ. ಅವತ್ತೇ ತೀರ್ಮಾನಿಸಿದೆ. ಆದರೆ ಕೆಳಬೀದಿಯವರು ಒಪ್ಪಬೇಕು. ಯಾಕೆ ಒಪ್ಪಬೇಕು ಎಂದು ಕೇಳಿದರೆ ನಿಜ ಹೇಳಬೇಕು. ನಿಜ ಹೇಳಿದರೆ ಅದು ಕಾಗದಕ್ಕೆ ಬರುತ್ತದೆ. ಬರಲಿ ಎಂದುಕೊಂಡೆ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಎದ್ದು ನಿಂತು, "ದಿಣ್ಣೆಯ ಮಟ್ಟ ತಪ್ಪಾಗಿ ಅಳೆದಿದ್ದೇನೆ. ತಪ್ಪು ನನ್ನದು" ಎಂದೆ. ಇಂಜಿನಿಯರೊಬ್ಬ ಹಾಗೆ ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದೆ ಪಂಚಾಯ್ತಿ ಕಾರ್ಯದರ್ಶಿ ನನ್ನನ್ನೇ ಕೇಳಿ, ಕಡೆಗೆ "ಇತರೆ ವಿಷಯಗಳು" ಎಂಬುದರ ಕೆಳಗೆ ಬರೆದುಕೊಂಡರು. ಆಮೇಲೆ ಸರದಿಯ ವಿಷಯ ಹೇಳಿದೆ. ಅಧ್ಯಕ್ಷರೇ ಮೊದಲು ಎದ್ದರು.

"ಅಲ್ಲಾ ಸಾರ್, ತಪ್ಪು ನಿಮ್ದು ಅಂತೀರಿ, ಕಾಯೋದು ನಾವಾ? ಪೈಪು ನಮ್ ಬಾಗ್ಲು ಮುಂದೇ ಹೋಗ್ತದೆ. ನಮ್ಗೆ ತೋರಿಸ್ಕೊಂಡು ಹೋಗಿ ದಿಣ್ಣೆಯೋರಿಗೆ ಕೊಡೋದು ಯಾವ ನ್ಯಾಯ?"

ಹಿಂದೆ ಗೋಡೆಗೆ ಒರಗಿದ್ದ ನೀರಗಂಟಿ ಎದ್ದ. "ಯಜಮಾನ್ರೇ, ಒಂದ್ ಮಾತು. ಕೆರೆ ತುಂಬ್ತಿದ್ದಾಗ ಆ ಕಡೇ ಗದ್ದೆ ಯಾರ್ದಿತ್ತು?"

"ಏನಯ್ಯಾ ಅದು ಈಗ?"

"ಯೋಳಿ, ಯಾರ್ದು?"

ಅಧ್ಯಕ್ಷರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ನಮ್ಮಪ್ಪಂದು."

"ನಿಮ್ಮಪ್ಪಾರ ಗದ್ದೆಗೆ ಮೊದಲ್ನೇ ನೀರು ಬುಡಕ್ಕೋಗಿ ನಮ್ಮಪ್ಪ ತಲೆಗದ್ದೆಯೋರ ಕೈಲಿ ಎಷ್ಟು ಬೈಸ್ಕಂಡವ್ನೆ ಗೊತ್ತಾ? ಆ ನೀರೂವೆ ಅವ್ರ ಗದ್ದೆ ಬದುವಿನ ಪಕ್ಕದಲ್ಲೇ ಹೋಗ್ತಿತ್ತು. ಅವ್ರಿಗೂ ತೋರಿಸ್ಕಂಡೇ ಹೋಗ್ತಿತ್ತು. ಆ ಭತ್ತ ಉಂಡೇ ಅಲ್ವಾ ನೀವು ಇಷ್ಟು ಎತ್ರ ಬೆಳೆದಿರೋದು?"

"ದೊಡ್ಡಪ್ಪ, ಕೂತ್ಕ. ಜಾಸ್ತಿಯಾಯ್ತು" ಎಂದರು ಅಡುಗೆಯಾಕೆ. ಆದರೆ ಅವನು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಕಾದಿದ್ದೇ ಹಾಗೆಂದರು.

ಕಡೆಗೆ ಅಧ್ಯಕ್ಷರಿಂದ ಬಂದದ್ದು, "ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ಒಂದು ನಿಮಿಷ ಜಾಸ್ತಿ ಆಗಕೂಡ್ದು." ಒಪ್ಪಿಗೆಯನ್ನು ಗದರಿಕೆಯ ರೂಪದಲ್ಲಿ ಕೊಡುವುದು ನಮ್ಮ ಕಡೆಯ ದೊಡ್ಡಮನುಷ್ಯರ ಸಂಪ್ರದಾಯ.

ಇನ್ನು ಕೆಳಬೀದಿಯ ಮನೆಗಳಿಗೆ ಹೋಗುವ ಕವಲು ಕೊಳವೆಯನ್ನು ಮುಚ್ಚುವ ವಾಲ್ವ್ ಬೇಕು. ನಕ್ಷೆಯಲ್ಲಿತ್ತು, ನೆಲದ ಮೇಲಿರಲಿಲ್ಲ. ಅದರ ಮೇಲೆ ಸಿಮೆಂಟು ರಸ್ತೆ ಹಾಕಿಬಿಟ್ಟಿದ್ದರು. ನಕ್ಷೆ ಹೇಳಿದ ಜಾಗದಲ್ಲಿ ಒಡೆಸಿದರೆ ಮಣ್ಣು ಬಂತು. ಮಾರನೆಯ ಸಲ ನೀರು ಬಿಟ್ಟಾಗ ನೀರಗಂಟಿ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ತಂದ. ಅದರ ಬುಡವನ್ನು ರಸ್ತೆಗೆ ಊರಿ, ಮೇಲ್ತುದಿಗೆ ಕಿವಿಯಿಟ್ಟು, ಗೇಣು ಗೇಣು ಸರಿದ. ಬೀದಿಯವರೆಲ್ಲ ಹಲ್ಲುಜ್ಜುವುದು ಬಿಟ್ಟು ನಿಂತರು. ರೋಗಿಯ ಎದೆ ನೋಡುವ ಹಳೆಯ ಡಾಕ್ಟರರ ಗಾಂಭೀರ್ಯ ಅವನ ಮುಖದಲ್ಲಿ.

"ಇಲ್ಲಿ ಸುಮ್ನೆ ಹರೀತೈತೆ... ಇಲ್ಲೂ ಸುಮ್ನೆ... ಹಾಂ. ಇಲ್ಲಿ ಗೊರಗೊರ ಅಂತೈತೆ. ಅರ್ಧ ತೆರೆದೈತೆ ಸಾ, ಅದಕ್ಕೇ ಗೊಣಗ್ತೈತೆ."

ನಕ್ಷೆಯಿಂದ ಹತ್ತು ಹೆಜ್ಜೆ ಆಚೆ. ಒಡೆಸಿದೆವು. ಎರಡಡಿ ಕೆಳಗೆ ವಾಲ್ವಿನ ತಲೆ ಸಿಕ್ಕಿತು.

ಮೊದಲ ಸರದಿಯ ಬೆಳಿಗ್ಗೆ ನೀರಗಂಟಿ ವಾಲ್ವಿನ ಹತ್ತಿರ, ನಾನು ಕಡೇ ಮನೆಯ ಮುಂದೆ. ಹತ್ತು ನಿಮಿಷವಾಯಿತು. ಏನೂ ಇಲ್ಲ. ಕೇರಿಯವರು ಕೊಡಗಳನ್ನು ಸಾಲಾಗಿಟ್ಟು ನನ್ನ ಮುಖ ನೋಡುತ್ತಿದ್ದರು. ಆ ಮದುವೆಯ ದಿನ ಬಿಟ್ಟರೆ ಎಂದೂ ತುಂಬದ ಕೊಳವೆಯಲ್ಲಿ ಗಾಳಿ ಸೇರಿಕೊಂಡು ದಾರಿ ಬಿಡುತ್ತಿಲ್ಲವೆಂದು ಹೊಳೆದು, ಕೊಳವೆಯ ಕೊನೆಯ ಮುಚ್ಚಳ ಬಿಚ್ಚಿದೆ. ಬುಸ್ಸೆಂದು ಗಾಳಿ ಬಂತು, ಬರುತ್ತಲೇ ಇತ್ತು. ಅದು ನಿಂತು, ತೇವ ಕಾಣಿಸಿ, ಮುಚ್ಚಳ ಹಾಕುವಷ್ಟರಲ್ಲಿ ನನ್ನ ಅಂಗಿ ನೆನೆದಿತ್ತು. ಆಕೆಯ ನಲ್ಲಿ ನಿಟ್ಟುಸಿರಿಟ್ಟಿತು, ಕೆಮ್ಮಿತು. ಗಾಬರಿಯಾದ ಕುರಿಮರಿ ಹಗ್ಗ ಕಿತ್ತುಕೊಂಡು ದಿಣ್ಣೆ ಇಳಿದು ಓಡಿತು. ಅದರ ಹಿಂದೆ ಯಾರೂ ಓಡಲಿಲ್ಲ. ಎಲ್ಲರೂ ಧಾರೆಯನ್ನೇ ನೋಡುತ್ತಿದ್ದರು.

ಕೊಡ ತುಂಬಿತು, ಮತ್ತೊಂದು ತುಂಬಿತು. ಶಾಲೆಯ ದೊಡ್ಡ ಪಾತ್ರೆಯೂ ತುಂಬಿತು. ಕೆಳಗಿನಿಂದ ನೀರಗಂಟಿ ಫೋನಿನಲ್ಲಿ, "ಸಾ, ಅರ್ಧ ಗಂಟೆ ಆಯ್ತು. ಅಧ್ಯಕ್ಷರು ಗಡಿಯಾರ ಹಿಡ್ಕಂಡು ಪಕ್ದಲ್ಲೇ ನಿಂತವ್ರೆ" ಎಂದ. ಕೆಳಬೀದಿಗೆ ತೆರೆಯಲು ಹೇಳಿ, ಚೀಲದಿಂದ ಪತ್ರ ತೆಗೆದು ಆಕೆಯ ಮುಂದೆ ಹಿಡಿದೆ. ಸಮಿತಿಯ ಉಳಿದವರ ಸಹಿಗಳೆಲ್ಲ ಆಗಿದ್ದವು.

ಆಕೆ ಕೈ ಒರೆಸಿಕೊಂಡು ಪೂರ್ತಿ ಓದಿದರು. ಮಡಿಸಿ ವಾಪಸು ಕೊಟ್ಟರು.

"ಇವತ್ತು ಬಂತು ಸಾ. ಮದುವೆ ದಿನಾನೂ ಬಂದಿತ್ತು. ಬ್ಯಾಸ್ಗೆ ಕಳೀಲಿ. ಕಳೆದ್ ಮೇಲೆ ಕೇಳಿ."

"ಬೇಸಿಗೆ ಕಳೆಯೋ ಹೊತ್ತಿಗೆ ನಾನಿರಲ್ಲಮ್ಮ. ನಿವೃತ್ತಿ."

"ನೀವಿಲ್ದಿದ್ರೂ ಬರ್ತದಾ ಅಂತಾನೇ ನೋಡ್ಬೇಕಿರೋದು."

ಆಕೆಯ ಸಹಿಯಿಲ್ಲದೆ ಪತ್ರ ಪೂರ್ಣವಲ್ಲ, ಪತ್ರ ಪೂರ್ಣವಾಗದೆ ಬೋರ್‌ವೆಲ್ಲಿನ ಕರೆಂಟು ತೆಗೆಯುವಂತಿಲ್ಲ. ಆಕೆಗೆ ಇದೆಲ್ಲ ಗೊತ್ತಿತ್ತು. ನಾನೂ ನನ್ನ ಸಹಿ ಹಾಕದೆ ಪತ್ರವನ್ನು ಚೀಲಕ್ಕೆ ಸೇರಿಸಿದೆ. ಮುಂದಿನ ಎರಡು ತಿಂಗಳು ದಿನ ಬಿಟ್ಟು ದಿನ ಹೋದೆ. ಕೆಲಸವೇನೂ ಇರುತ್ತಿರಲಿಲ್ಲ. ನೀರಗಂಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಬ್ಬಿಣದ ಕೀಗೆ ಸರದಿಯ ಮೇಲೆ ಕಿವಿಯಿಟ್ಟು, ನೀರು ದಿಣ್ಣೆ ಹತ್ತುವುದನ್ನು ಕೇಳುತ್ತಿದ್ದೆವು. ನನ್ನ ನೌಕರಿಯಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ.

ನಿವೃತ್ತಿಯ ದಿನ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಆ ಊರಿನ ಎದುರು, "ಕೆಲಸ ಪೂರ್ಣವಾಗಿಲ್ಲ. ನೀರು ಬರುತ್ತಿದೆ" ಎಂದು ಬರೆದೆ. ಮೇಲಧಿಕಾರಿ ಎರಡು ಸಲ ಓದಿ, ಹಾರದಿಂದ ಉದುರಿದ ಒಂದು ಸೇವಂತಿಗೆಯನ್ನು ನನ್ನ ಭುಜದಿಂದ ತೆಗೆದು, ಸಹಿ ಮಾಡಿದರು.

ಮುಂಗಾರು ಹಿಡಿದ ಮೇಲೆ ಒಮ್ಮೆ ಹಳೇಬೀಡಿನಿಂದ ಬಸ್ಸು ಹತ್ತಿ, ಬದಲಿಸಿ, ಆ ಊರಿಗೆ ಹೋದೆ. ಯಾರೂ ಕರೆದಿರಲಿಲ್ಲ. ಪಂಚಾಯ್ತಿ ಕಚೇರಿಯಲ್ಲಿ ಕಾರ್ಯದರ್ಶಿ ನನ್ನನ್ನು ನೋಡಿದ್ದೇ ಬೀರು ತೆಗೆದು, ನಿವೃತ್ತನಾಗುವಾಗ ನಾನು ಅವರ ವಶಕ್ಕೆ ಕೊಟ್ಟಿದ್ದ ಆ ಪತ್ರ ಹೊರಗೆಳೆದರು. ಬೇಸಿಗೆಯಲ್ಲಿ ಸಿಸ್ಟನ್ನಿನ ಬೋರ್‌ವೆಲ್ ಬತ್ತಿಯೇ ಹೋಗಿತ್ತಂತೆ. ಟ್ಯಾಂಕಿಗೆ ಬರುವ ನದಿ ನೀರು ಕಡಿಮೆಯಾಗಿ ಎರಡು ದಿನಕ್ಕೊಮ್ಮೆಯ ಸರದಿ ನಾಲ್ಕು ದಿನಕ್ಕೊಮ್ಮೆ ಆಗಿತ್ತಂತೆ. ದಿಣ್ಣೆಯ ಅರ್ಧ ಗಂಟೆ ಮಾತ್ರ ಒಂದು ಸಲವೂ ತಪ್ಪಿರಲಿಲ್ಲ. ಅಡುಗೆಯಾಕೆ ತಾವಾಗಿಯೇ ಬಂದು ಸಹಿ ಹಾಕಿ ಹೋಗಿದ್ದರು.

"ಸಹಿ ಹಾಕಿದ್ರು, ಸರಿ. ಕೆಳಗೆ ಏನ್ ಬರ್ದವ್ರೆ ನೋಡಿ ಸಾರ್. ಇದಕ್ಕೆ ಕಾಲಂ ಇಲ್ಲ. ಹೊಸ ಇಂಜಿನಿಯರ್ ಸಹಿಗೆ ಅಂತ ಮೇಲಕ್ಕೆ ಹೆಂಗೆ ಕಳಿಸ್ಲಿ?"

ಶಾಲೆಯ ಹಾಜರಿ ಪುಸ್ತಕದಲ್ಲಿ ಊಟದ ಲೆಕ್ಕ ಬರೆದು ಪಳಗಿದ ದುಂಡನೆಯ ಅಕ್ಷರ: "ಕಡೇ ಮನೆಯಿಂದ ಮೊದಲು ನೀರು ಬಿಡುವಷ್ಟು ದಿನ ಈ ಸಹಿ ಇರುತ್ತದೆ. ನಿಲ್ಲಿಸಿದ ದಿನ ವಾಪಸು."

ಕಾರ್ಯದರ್ಶಿ ಪೆನ್ನು ಹಿಡಿದು ಕಾದಿದ್ದರು. "ಹೊಡೆದು ಹಾಕ್ಲಾ ಸಾರ್? ಬೇರೆ ಪ್ರತಿ ಮಾಡಿಸ್ಲಾ?"

"ಹಾಗೇ ಕಳಿಸಿ" ಎಂದೆ.

ಹಾಗೆ ಹೇಳುವ ಯಾವ ಅಧಿಕಾರವೂ ನನಗೆ ಉಳಿದಿರಲಿಲ್ಲ. ಅವರು ನನ್ನ ಮುಂದೆಯೇ ಲಕೋಟೆಗೆ ಅಂಟು ಹಚ್ಚಿದರು.